ಒಂದೇ ಕಂಠ, ಹಲವು ಗೂಡು: ಡೈನಾ ವಾಷಿಂಗ್ಟನ್ ಪ್ರಕರಣ

ಮೂರು ಗ್ರಾಮಫೋನ್ ತಟ್ಟೆಗಳನ್ನು ಪಕ್ಕಪಕ್ಕದಲ್ಲಿಟ್ಟು ಈ ಪ್ರಕರಣವನ್ನು ನೋಡಬೇಕು. ಮೊದಲನೆಯದು ಮರ್ಕ್ಯುರಿ ಕಂಪನಿಯ 8148ನೇ ನಂಬರು, 1949ರ 'ಬೇಬಿ ಗೆಟ್ ಲಾಸ್ಟ್'. ಅದು ಬ್ಲೂಸ್. ಎರಡನೆಯದು ಅದೇ ಕಂಪನಿಯ ಜಾಝ್ ಶಾಖೆಯಾದ ಎಮಾರ್ಸಿಯ ಎಂಜಿ 36000, 1954ರಲ್ಲಿ ಮುದ್ರಣವಾದ 'ಡೈನಾ ಜ್ಯಾಮ್ಸ್'. ಮೂರನೆಯದು ಮರ್ಕ್ಯುರಿ 71435, 1959ರ 'ವಾಟ್ ಎ ಡಿಫರೆನ್ಸ್ ಎ ಡೇ ಮೇಕ್ಸ್'. ಇದು ಪಿಟೀಲುಗಳ ದಂಡೇ ಇರುವ ಪಾಪ್ ಹಾಡು. ಮೂರರಲ್ಲೂ ಹಾಡಿದವರು ಅಮೆರಿಕದ ಕಪ್ಪು ಗಾಯಕಿ ಡೈನಾ ವಾಷಿಂಗ್ಟನ್. ಅಂಗಡಿಯಲ್ಲಿ ಮಾತ್ರ ಮೂರಕ್ಕೂ ಬೇರೆ ಬೇರೆ ಗೂಡು, ಎಷ್ಟೋ ಊರುಗಳಲ್ಲಿ ಬೇರೆ ಬೇರೆ ಕೇರಿಯ ಅಂಗಡಿ.

ಮೂರನೆಯ ತಟ್ಟೆ ಬಿಲ್‌ಬೋರ್ಡ್ ಪತ್ರಿಕೆ ಪ್ರಕಟಿಸುವ ಜನಪ್ರಿಯ ಹಾಡುಗಳ ಪಟ್ಟಿಯಾದ ಹಾಟ್ 100ರಲ್ಲಿ, ಅಂದರೆ ಪಾಪ್ ಪಟ್ಟಿಯಲ್ಲಿ, 8ನೇ ಸ್ಥಾನಕ್ಕೆ ಏರಿತು. ಅದನ್ನು ಮುದ್ರಿಸಿದಾಗ ಡೈನಾ ಅವರಿಗೆ 34 ವರ್ಷ, ಮೊದಲ ಧ್ವನಿಮುದ್ರಣ ಮಾಡಿ 15 ವರ್ಷ ಕಳೆದಿತ್ತು. 1948ರಿಂದ 1955ರೊಳಗೆ ಆಫ್ರಿಕನ್ ಅಮೆರಿಕನ್ ಶ್ರೋತೃಗಳ ಮಾರುಕಟ್ಟೆಯನ್ನು ಅಳೆಯುವ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಪಟ್ಟಿಯ ಮೊದಲ ಹತ್ತರಲ್ಲಿ ಅವರ 27 ಹಾಡುಗಳು ಬಂದಿದ್ದವು. ಪಾಪ್ ಪಟ್ಟಿಯಲ್ಲಿ ಮಾತ್ರ 1950ರ 'ಐ ವಾನಾ ಬಿ ಲವ್ಡ್' 22ಕ್ಕೆ, 1954ರ 'ಟೀಚ್ ಮಿ ಟುನೈಟ್' 23ಕ್ಕೆ ಬಂದು ನಿಂತಿದ್ದವು. ಇಷ್ಟು ದೊಡ್ಡ ಗಾಯಕಿಗೆ ಬೇಲಿ ದಾಟಲು 15 ವರ್ಷ ಏಕೆ ಹಿಡಿಯಿತು? ದಾಟಿದ ದಿನ ನಿಜಕ್ಕೂ ಬದಲಾದದ್ದು ಏನು? ಹಾಡುವ ರೀತಿ ಹೆಚ್ಚುಕಡಿಮೆ ಹಾಗೇ ಇತ್ತು, ಬದಲಾದದ್ದು ಹಿಮ್ಮೇಳ ಮತ್ತು ಮಾರಾಟದ ಲೆಕ್ಕ ಎಂಬುದು ಈ ಬರಹದ ನಿಲುವು. ಅದನ್ನು ಒಪ್ಪಬೇಕಾದರೆ ಮೊದಲು ಆ ರೀತಿ ಎಲ್ಲಿಂದ ಬಂತೆಂದು ನೋಡಬೇಕು.

ಚರ್ಚಿನ ಹಿಂದಿನ ಬೆಂಚು

ಹುಟ್ಟಿದಾಗ ಇಟ್ಟ ಹೆಸರು ರೂತ್ ಲೀ ಜೋನ್ಸ್. 1924ರ ಆಗಸ್ಟ್ 29ರಂದು ಅಲಬಾಮಾದ ಟಸ್ಕಲೂಸದಲ್ಲಿ ಜನನ. ಎಳವೆಯಲ್ಲೇ ಕುಟುಂಬ ಷಿಕಾಗೋಗೆ ಬಂತು. ಅಲ್ಲಿನ ಸೇಂಟ್ ಲ್ಯೂಕ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಪಿಯಾನೊ ನುಡಿಸಿದರು, ಹದಿಹರೆಯದಲ್ಲೇ ಮೇಳ ನಡೆಸಿದರು. 15ನೇ ವಯಸ್ಸಿನಲ್ಲಿ ರೀಗಲ್ ಥಿಯೇಟರಿನ ಹವ್ಯಾಸಿ ಗಾಯಕರ ಸ್ಪರ್ಧೆಯಲ್ಲಿ ಗೆದ್ದರು. ಆದರೂ ಚರ್ಚಿನ ಭಕ್ತಿಗೀತೆಯಾದ ಗಾಸ್ಪೆಲ್ ಕೈಬಿಡಲಿಲ್ಲ, ಸ್ಯಾಲಿ ಮಾರ್ಟಿನ್ ಅವರ ಗಾಸ್ಪೆಲ್ ತಂಡದೊಂದಿಗೆ ಊರೂರು ಸುತ್ತಿದರು.

ಈ ವರ್ಷಗಳು ಮೂರು ಹತ್ಯಾರುಗಳನ್ನು ಕೊಟ್ಟವು. ಮೊದಲನೆಯದು ಉಚ್ಚಾರಣೆ. ಮೈಕಿಲ್ಲದ ಚರ್ಚಿನಲ್ಲಿ ಹಿಂದಿನ ಬೆಂಚಿನವರಿಗೂ ಮಾತು ಕೇಳಿಸಬೇಕು. ಸ್ವರ ಎಳೆದರೆ ದನಿ ಮುಟ್ಟುತ್ತದೆ, ಮಾತು ಮುಟ್ಟುವುದಿಲ್ಲ. ಮಾತು ಮುಟ್ಟಬೇಕಾದರೆ ವ್ಯಂಜನಗಳನ್ನು ಒತ್ತಿ, ಪದದ ಕೊನೆಯನ್ನು ಕತ್ತರಿಸಿದಂತೆ ನಿಲ್ಲಿಸಬೇಕು. ಡೈನಾ ಅವರ ಯಾವ ಕಾಲದ ಹಾಡು ಕೇಳಿದರೂ ಪದದ ತುದಿಯ 'ಟ್', 'ಡ್', 'ಕ್' ಚಿಟಿಕೆ ಹೊಡೆದಂತೆ ಕೇಳಿಸುವುದು ಇದರಿಂದಲೇ. ಎರಡನೆಯದು ಸ್ವರವನ್ನು ಕೆಳಗಿನಿಂದ ಜಾರಿಸಿ ಹಿಡಿಯುವ ಗಾಸ್ಪೆಲ್ ಕ್ರಮ. ಮೂರನೆಯದು ಪಿಯಾನೊ. ಪಿಯಾನೊ ಬಲ್ಲ ಗಾಯಕಿಗೆ ಕೆಳಗೆ ಯಾವ ಸ್ವರಗುಚ್ಛ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಕಟ್ಟು, ಓಡುತ್ತಿದೆ, ಎರಡು ಬಾರ್ (ತಾಳದ ಒಂದು ಅಳತೆ) ಆಚೆ ಅದು ಎಲ್ಲಿಗೆ ತಿರುಗುತ್ತದೆ ಎಂಬುದು ಗೊತ್ತಿರುತ್ತದೆ. ಆಗ ರಾಗವನ್ನು ಎಲ್ಲಿ ಬಾಗಿಸಬಹುದು, ಎಲ್ಲಿ ಬಾಗಿಸಿದರೆ ಅಪಸ್ವರ ಎಂಬ ತೀರ್ಮಾನ ಕ್ಷಣದಲ್ಲೇ ಆಗುತ್ತದೆ. ಮುಂದೆ ಹೊಸ ಹಾಡನ್ನು ಗಂಟೆಯೊಳಗೆ ಕಲಿತು ಮುದ್ರಿಸುವ ಕೆಲಸ ಅವರ ಪಾಲಿಗೆ ಬಂದಾಗ ಅನ್ನ ಕೊಟ್ಟದ್ದು ಈ ವಿದ್ಯೆ.

ಬ್ಯಾಂಡಿನ ಹುಡುಗಿ

ಷಿಕಾಗೋದ ಗ್ಯಾರಿಕ್ ಎಂಬ ಕ್ಲಬ್ಬಿನಲ್ಲಿ ಹಾಡುತ್ತಿದ್ದಾಗ ವೈಬ್ರಾಫೋನ್ ಎಂಬ ಲೋಹದ ಪಟ್ಟಿಗಳ ವಾದ್ಯ ನುಡಿಸುವ ಲಯನಲ್ ಹ್ಯಾಂಪ್ಟನ್ ತಮ್ಮ ಬ್ಯಾಂಡಿಗೆ ಕರೆದುಕೊಂಡರು. ಹೊಸ ಹೆಸರು ಬಂದದ್ದೂ ಆ ದಿನಗಳಲ್ಲೇ. ದೊಡ್ಡ ಬ್ಯಾಂಡಿನಲ್ಲಿ ಗಾಯಕಿಯ ಕೆಲಸ ಹೊರಗಿನವರು ತಿಳಿದಷ್ಟು ದೊಡ್ಡದಲ್ಲ. ರಾತ್ರಿಯಿಡೀ ವೇದಿಕೆಯ ಬದಿಯಲ್ಲಿ ಕುಳಿತಿರಬೇಕು, ಸರದಿ ಬಂದಾಗ ಎದ್ದು ಒಂದೆರಡು ಹಾಡು ಹಾಡಬೇಕು. ಹತ್ತಾರು ಊದುವ ವಾದ್ಯಗಳ ಮುಂದೆ ಒಂದೇ ಮೈಕು. ತನ್ನ ದನಿ ತನಗೇ ಕೇಳಿಸುವ ವ್ಯವಸ್ಥೆ ಆಗ ಇರಲಿಲ್ಲ. ಹಾಗಾಗಿ ಶ್ರುತಿಯನ್ನು ಗಂಟಲಿನ ಅಳತೆಯಲ್ಲೇ ಹಿಡಿಯಬೇಕಿತ್ತು. ಚರ್ಚಿನಲ್ಲಿ ಪಳಗಿದ ಚೂಪು ದನಿ ಇಲ್ಲಿ ಉಳಿಯಿತು, ಮೆತ್ತಗಿನ ದನಿಯಾಗಿದ್ದರೆ ಟ್ರಂಪೆಟ್ಟುಗಳ ಕೆಳಗೆ ಹೂತುಹೋಗುತ್ತಿತ್ತು.

ಆದರೆ ಹ್ಯಾಂಪ್ಟನ್ ಬ್ಯಾಂಡಿಗೆ ಡೆಕ್ಕಾ ಕಂಪನಿಯೊಡನೆ ಒಪ್ಪಂದವಿತ್ತು, ಅದರ ತಟ್ಟೆಗಳಲ್ಲಿ ಗಾಯಕಿಗೆ ಜಾಗ ಸಿಗಲಿಲ್ಲ. 1945ರಲ್ಲಿ ಆ ಬ್ಯಾಂಡಿನೊಡನೆ ಹಾಡಿದ 'ಬ್ಲೋ ಟಾಪ್ ಬ್ಲೂಸ್' ಕೂಡ ಹೊರಬಂದದ್ದು 1947ರಲ್ಲಿ, ಡೈನಾ ಬ್ಯಾಂಡು ಬಿಟ್ಟ ಮೇಲೆ. ದಾರಿ ತೆರೆದದ್ದು ಬೇರೊಂದು ಸಂದಿಯಲ್ಲಿ. 1942ರ ಆಗಸ್ಟ್ 1ರಿಂದ ಅಮೆರಿಕದ ವಾದಕರ ಸಂಘ ಧ್ವನಿಮುದ್ರಣದ ಮುಷ್ಕರ ಹೂಡಿತ್ತು. ಕೊಲಂಬಿಯಾ, ಆರ್‌ಸಿಎ ವಿಕ್ಟರ್‌ನಂಥ ದೊಡ್ಡ ಕಂಪನಿಗಳು 1944ರ ನವೆಂಬರ್‌ವರೆಗೂ ಮಣಿಯಲಿಲ್ಲ. ಸಣ್ಣ ಕಂಪನಿಗಳು ಮೊದಲೇ ಒಪ್ಪಂದ ಮಾಡಿಕೊಂಡು ಖಾಲಿ ಮಾರುಕಟ್ಟೆಗೆ ನುಗ್ಗಿದವು. ಅಂಥ ಒಂದು ಕಂಪನಿ ಕೀನೋಟ್. ವಿಮರ್ಶಕ ಲೆನಾರ್ಡ್ ಫೆದರ್ 1943ರ ಡಿಸೆಂಬರ್ 29ರಂದು ಅದರ ಪರವಾಗಿ ಹ್ಯಾಂಪ್ಟನ್ ಬ್ಯಾಂಡಿನ ಕೆಲವೇ ವಾದಕರನ್ನು ಕೂಡಿಸಿ 19 ವರ್ಷದ ಡೈನಾ ಅವರಿಂದ ನಾಲ್ಕು ಬ್ಲೂಸ್ ಹಾಡಿಸಿದರು. ಅವುಗಳಲ್ಲಿ 'ಈವಿಲ್ ಗ್ಯಾಲ್ ಬ್ಲೂಸ್', 'ಸಾಲ್ಟಿ ಪಾಪಾ ಬ್ಲೂಸ್' ಎರಡೂ 1944ರಲ್ಲಿ ಬಿಲ್‌ಬೋರ್ಡಿನ 'ಹಾರ್ಲೆಮ್ ಹಿಟ್ ಪರೇಡ್' ಪಟ್ಟಿಗೆ ಏರಿದವು.

ಆ ಕಾಲದ ಮುದ್ರಣ ನೇರವಾಗಿ ತಟ್ಟೆಗೇ. ಟೇಪು ಬರಲು ಇನ್ನೂ ನಾಲ್ಕೈದು ವರ್ಷವಿತ್ತು. ಎರಡು ನಿಮಿಷ ಐವತ್ತನೇ ಸೆಕೆಂಡಿನಲ್ಲಿ ಒಬ್ಬರು ತಪ್ಪಿದರೂ ಇಡೀ ಹಾಡನ್ನು ಮೊದಲಿನಿಂದ ಹೇಳಬೇಕು. 10 ಅಂಗುಲದ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಬದಿಗೆ ಹಿಡಿಸುವುದು ಸುಮಾರು 3 ನಿಮಿಷ. ಸಂಘದ ಲೆಕ್ಕದಲ್ಲಿ ಒಂದು ಸೆಷನ್ ಎಂದರೆ 3 ಗಂಟೆ, ರೂಢಿಯಲ್ಲಿ 4 ಹಾಡು. ಹಾಡೊಂದಕ್ಕೆ 45 ನಿಮಿಷ ಸಿಗುತ್ತದೆ. ವಾದಕರು ಹಾಳೆ ಓದುವುದು, ಗತಿ ಗೊತ್ತುಮಾಡುವುದು, ಮೈಕಿನ ಮುಂದೆ ಯಾರು ಎಷ್ಟು ದೂರ ನಿಲ್ಲಬೇಕೆಂದು ನೋಡುವುದು, ಎಲ್ಲ ಅದರೊಳಗೇ. ಚರ್ಚಿನ ಗಂಟಲಿನವರು ತಾರಸ್ಥಾಯಿಗೆ ಹೋಗುವಾಗ ಮೈಕಿನಿಂದ ಅರ್ಧ ಹೆಜ್ಜೆ ಹಿಂದೆ ಸರಿಯದಿದ್ದರೆ ದನಿ ಒಡೆದು ಕೇಳುತ್ತದೆ.

ಬ್ಲೂಸ್ ಹಾಡುವವರು ಜಾಝ್‌ನಲ್ಲಿ ಎಡವುವುದು ಎಲ್ಲಿ

ಬ್ಲೂಸ್‌ನ ಸಾಮಾನ್ಯ ಆವರ್ತ 12 ಬಾರ್, ಬಾರಿಗೆ 4 ಎಣಿಕೆ, ಒಟ್ಟು 48. ಸಾಹಿತ್ಯ ಮೂರು ಸಾಲು. ಮೊದಲ ಸಾಲನ್ನೇ ಎರಡನೆಯದಾಗಿ ಮತ್ತೆ ಹಾಡಿ, ಮೂರನೆಯದರಲ್ಲಿ ಉತ್ತರ ಹೇಳುವುದು ವಾಡಿಕೆ. ಪ್ರತಿ ಸಾಲಿಗೂ 4 ಬಾರ್ ಇದ್ದರೂ ಮಾತು ಎರಡು, ಎರಡೂವರೆ ಬಾರಿನಲ್ಲಿ ಮುಗಿಯುತ್ತದೆ. ಉಳಿದ ಜಾಗ ವಾದ್ಯದ್ದು. ಅಲ್ಲಿ ಸ್ಯಾಕ್ಸೊಫೋನೋ ಗಿಟಾರೋ ಮಾರುತ್ತರ ಕೊಡುತ್ತದೆ.

ಕರ್ನಾಟಕ ಸಂಗೀತ ಕೇಳಿದ ಕಿವಿಗೆ ಬ್ಲೂಸ್‌ನ ಸ್ವರ ಬೇಗ ಅರ್ಥವಾಗುತ್ತದೆ. ಅದರ ಗಾಂಧಾರ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಓಲಾಡುತ್ತದೆ, ನಿಷಾದ ಕೈಶಿಕಿಗೂ ಕಾಕಲಿಗೂ ನಡುವೆ. ಪಿಯಾನೊದಲ್ಲಿ ಈ ನಡುವಿನ ಜಾಗಕ್ಕೆ ಕೀಲಿಯೇ ಇಲ್ಲ. ಕೆಳಗೆ ಪಿಯಾನೊ ಅಂತರ ಗಾಂಧಾರ ಒತ್ತುತ್ತಿರುವಾಗ ಮೇಲೆ ಗಾಯಕಿ ಅದಕ್ಕಿಂತ ತುಸು ತಗ್ಗಿ ನಿಲ್ಲುತ್ತಾಳೆ. ಆ ತಿಕ್ಕಾಟವೇ ಬ್ಲೂಸ್‌ನ ರುಚಿ.

ಜಾಝ್ ಗಾಯಕರು ಹಾಡುವ ಪ್ರಚಲಿತ ಹಾಡುಗಳ ಕಟ್ಟಡ ಬೇರೆ. 32 ಬಾರ್, ಎಂಟೆಂಟರ ನಾಲ್ಕು ಭಾಗ, ಮೂರನೆಯ ಭಾಗದಲ್ಲಿ ರಾಗ ಬೇರೆ ಕಡೆ ತಿರುಗುತ್ತದೆ. ಸ್ವರಗುಚ್ಛಗಳು ಬಾರಿಗೊಂದು, ಒಮ್ಮೊಮ್ಮೆ ಎರಡರಂತೆ ಬದಲಾಗುತ್ತಲೇ ಇರುತ್ತವೆ. ಬ್ಲೂಸ್‌ನಿಂದ ಬಂದವರು ಇಲ್ಲಿ ಮಾಡುವ ದೊಡ್ಡ ತಪ್ಪು, ಪ್ರತಿ ಗಾಂಧಾರವನ್ನೂ ಬಾಗಿಸುವುದು. ಒಂದು ಗುಚ್ಛದಲ್ಲಿ ಗಾಂಧಾರವಾಗಿದ್ದ ಸ್ವರ ಮುಂದಿನ ಗುಚ್ಛದಲ್ಲಿ ಬೇರೇನೋ ಆಗಿರುತ್ತದೆ, ಬಾಗಿಸಿದರೆ ಬೇಸೂರು. ಜಾಝ್‌ನಿಂದ ಬ್ಲೂಸ್‌ಗೆ ಹೋದವರು ಇದಕ್ಕೆ ವಿರುದ್ಧವಾಗಿ ಎಡವುತ್ತಾರೆ. ವಾದ್ಯಕ್ಕೆ ಬಿಡಬೇಕಾದ ಜಾಗವನ್ನೂ ತಾವೇ ತುಂಬಿಬಿಡುತ್ತಾರೆ.

ಡೈನಾ ಕಂಡುಕೊಂಡ ದಾರಿ ಸರಳ. 32 ಬಾರಿನ ಹಾಡಿನಲ್ಲಿ ಮೊದಲ ಎಂಟು ಬಾರನ್ನು ಬರೆದ ರಾಗಕ್ಕೆ ಹತ್ತಿರವಾಗಿಯೇ ಹಾಡುತ್ತಾರೆ. ಎರಡನೇ ಸಲ ಬಂದಾಗ ಒಂದೋ ಎರಡೋ ಕಡೆ ಮಾತ್ರ ಬಾಗಿಸುತ್ತಾರೆ. ಬಾಗಿಸಿದ್ದಕ್ಕಿಂತ ಮುಖ್ಯ ಕತ್ತರಿಸುವುದು: ಸಾಲನ್ನು ಬರೆದದ್ದಕ್ಕಿಂತ ಬೇಗ ಮುಗಿಸಿ, ಬ್ಲೂಸ್‌ನಲ್ಲಿ ಬಿಡುವಂತೆ ಇಲ್ಲಿಯೂ ಹಿಮ್ಮೇಳಕ್ಕೆ ಉಸಿರಾಡುವ ಜಾಗ ಬಿಡುತ್ತಾರೆ. ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಎಳೆದು ತಡಮಾಡುವ ಕಡೆ ಡೈನಾ ತಡವಾಗಿ ಹೊರಟು ಬೇಗ ಬಂದು ನಿಲ್ಲುತ್ತಾರೆ. ಈ ಕಾರಣಕ್ಕೆ ಅವರ ಬ್ಲೂಸ್‌ನಲ್ಲಿ ಜಾಝ್ ಕೇಳಿಸುತ್ತದೆ, ಜಾಝ್‌ನಲ್ಲಿ ಬ್ಲೂಸ್ ಕೇಳಿಸುತ್ತದೆ.

ಹ್ಯಾಂಪ್ಟನ್ ಅವರನ್ನು ಬಿಟ್ಟ ಮೇಲೆ 1945ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಅಪೋಲೊ ಕಂಪನಿಗೆ ಹಾಡಿದ 12 ಹಾಡುಗಳಲ್ಲೇ ಇದು ಕಾಣುತ್ತದೆ. ಹಾಡುಗಳು ಬ್ಲೂಸ್, ಪಕ್ಕದಲ್ಲಿದ್ದವರು ಮಾತ್ರ ಸ್ಯಾಕ್ಸೊಫೋನಿನ ಲಕ್ಕಿ ಥಾಂಪ್ಸನ್, ವೈಬ್ರಾಫೋನಿನ ಮಿಲ್ಟ್ ಜ್ಯಾಕ್ಸನ್, ಬೇಸ್‌ನಲ್ಲಿ ಚಾರ್ಲ್ಸ್ ಮಿಂಗಸ್. ಮೂವರೂ ಮುಂದೆ ಆಧುನಿಕ ಜಾಝ್‌ನ ದೊಡ್ಡ ಹೆಸರುಗಳಾದರು.

ಎರಡು ಸೆಂಟಿನ ಲೆಕ್ಕ

1946ರಲ್ಲಿ ಡೈನಾ ಮರ್ಕ್ಯುರಿ ಸೇರಿದರು. ಷಿಕಾಗೋದಲ್ಲಿ ಅದಕ್ಕೂ ಹಿಂದಿನ ವರ್ಷ ಹುಟ್ಟಿದ ಕಂಪನಿ ಅದು. 1961ರವರೆಗೆ ಅಲ್ಲೇ ಇದ್ದರು. 1948ರಲ್ಲಿ 'ಆಮ್ ಐ ಆಸ್ಕಿಂಗ್ ಟೂ ಮಚ್', 1949ರಲ್ಲಿ 'ಬೇಬಿ ಗೆಟ್ ಲಾಸ್ಟ್' ಆರ್ ಅಂಡ್ ಬಿ ಪಟ್ಟಿಯ ನೆತ್ತಿಗೆ ಏರಿದವು. ಹೆಸರಿನ ವಿಚಾರವನ್ನೂ ಇಲ್ಲೇ ಹೇಳಬೇಕು. 1942ರಲ್ಲಿ 'ಹಾರ್ಲೆಮ್ ಹಿಟ್ ಪರೇಡ್' ಎಂದು ಶುರುವಾದ ಪಟ್ಟಿ 1945ರಲ್ಲಿ 'ರೇಸ್ ರೆಕಾರ್ಡ್ಸ್' ಆಗಿ, 1949ರ ಜೂನಿನಲ್ಲಿ 'ರಿದಮ್ ಅಂಡ್ ಬ್ಲೂಸ್' ಆಯಿತು. ಹೆಸರು ಮೂರಾದರೂ ಅಳತೆ ಒಂದೇ, ಕಪ್ಪು ಜನರ ಕೇರಿಗಳಲ್ಲಿ ಯಾವ ತಟ್ಟೆ ಓಡುತ್ತಿದೆ ಎಂಬುದು. ಅಲ್ಲಿ ಏನು ಹಾಡಿದರೂ ಅದು ಆ ಪಟ್ಟಿಯ ಹಾಡೇ. ಸಂಗೀತದ ಪ್ರಕಾರ ಅದರಲ್ಲಿ ಗಣನೆಗೆ ಬರುತ್ತಿರಲಿಲ್ಲ.

ಕಂಪನಿಗೆ ಇದು ಅನುಕೂಲವಾಗಿಯೇ ಇತ್ತು. 1909ರ ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನ ಪ್ರಕಾರ ಒಂದು ಹಾಡನ್ನು ಒಬ್ಬರು ತಟ್ಟೆಗೆ ಹಾಕಿದ ಮೇಲೆ ಬೇರೆ ಯಾರು ಬೇಕಾದರೂ ಅದನ್ನು ಮುದ್ರಿಸಬಹುದು. ಪ್ರತಿ ಹಾಡಿನ ಪ್ರತಿ ತಟ್ಟೆಗೆ ಹಕ್ಕುದಾರರಿಗೆ 2 ಸೆಂಟ್ ಕೊಟ್ಟರೆ ಸಾಕು. ಈ ದರ 1978ರವರೆಗೆ ಅಲುಗಾಡಲಿಲ್ಲ. ಹಾಡು ಬರೆದವರಿಗೆ ಇಷ್ಟಾದರೂ ದಕ್ಕುತ್ತಿತ್ತು. ಅದಕ್ಕೆ ಜೀವ ಕೊಟ್ಟ ಗಾಯಕಿಯ ಧಾಟಿಗೂ ವಾದ್ಯ ಸಂಯೋಜನೆಗೂ ಯಾವ ರಕ್ಷಣೆಯೂ ಇರಲಿಲ್ಲ. ಇದರಿಂದ ಹುಟ್ಟಿದ ವ್ಯಾಪಾರ ಹೀಗೆ: ಒಂದು ಕೇರಿಯಲ್ಲಿ ಹಾಡು ಓಡತೊಡಗಿದರೆ ಮರುವಾರವೇ ಇನ್ನೊಂದು ಕೇರಿಗೆ ಇನ್ನೊಬ್ಬರಿಂದ ಹಾಡಿಸು.

ಡೈನಾ ಈ ಯಂತ್ರದ ಒಂದು ಚಕ್ರವಾದರು. 1951ರಲ್ಲಿ ಹ್ಯಾಂಕ್ ವಿಲಿಯಮ್ಸ್ ಅವರ ಕಂಟ್ರಿ (ಬಿಳಿಯರ ಹಳ್ಳಿಗಾಡಿನ ಸಂಗೀತ) ಹಾಡು 'ಕೋಲ್ಡ್, ಕೋಲ್ಡ್ ಹಾರ್ಟ್' ಅನ್ನು ಟೋನಿ ಬೆನೆಟ್ ಪಾಪ್ ಪಟ್ಟಿಯ ಮೊದಲ ಸ್ಥಾನಕ್ಕೆ ಒಯ್ದರು. ಅದೇ ಹಾಡನ್ನು ಡೈನಾ ಹಾಡಿ ಆರ್ ಅಂಡ್ ಬಿ ಪಟ್ಟಿಯ 3ಕ್ಕೆ ತಂದರು. 1952ರಲ್ಲಿ ಕೇ ಸ್ಟಾರ್ ಅವರ 'ವೀಲ್ ಆಫ್ ಫಾರ್ಚೂನ್' ಪಾಪ್‌ನಲ್ಲಿ 1, ಡೈನಾ ಅವರದು ಆರ್ ಅಂಡ್ ಬಿಯಲ್ಲಿ 3. ಹಾಡು ಒಂದೇ, ಕೇರಿ ಎರಡು. ಅದೇ ಮರ್ಕ್ಯುರಿಯಲ್ಲಿ ಬಿಳಿಯರ ಪಾಪ್ ಮಾರುಕಟ್ಟೆಗೆ ಪ್ಯಾಟಿ ಪೇಜ್ ಇದ್ದರು, 1950ರ ಕೊನೆಗೆ ಅವರ 'ಟೆನೆಸಿ ವಾಲ್ಟ್ಜ್' ದೇಶವನ್ನೇ ಆವರಿಸಿತ್ತು. ಮನೆಯಲ್ಲಿ ಒಬ್ಬರು ಆ ಕೆಲಸಕ್ಕೆ ಇರುವಾಗ ಡೈನಾ ಅವರನ್ನು ಆ ರೇಡಿಯೊಗಳಿಗೆ ತಳ್ಳಲು ಹಣ ಹಾಕುವ ಅಗತ್ಯ ಕಂಪನಿಗೆ ಕಾಣಲಿಲ್ಲ. 15 ವರ್ಷದ ತಡಕ್ಕೆ ಮುಖ್ಯ ಕಾರಣ ಇದು. ಅವರ ಗಂಟಲಿನಲ್ಲಿ ಯಾವ ಕೊರತೆಯೂ ಇರಲಿಲ್ಲ.

ಚಕ್ರ ಹಿಮ್ಮುಖವಾಗಿಯೂ ತಿರುಗುತ್ತಿತ್ತು, ಆಗ ಪೆಟ್ಟು ಜೋರು. ಲವರ್ನ್ ಬೇಕರ್ ಅವರ 'ಟ್ವೀಡಲ್ ಡೀ' ಹಾಡನ್ನು 1955ರಲ್ಲಿ ಮರ್ಕ್ಯುರಿಯ ಜಾರ್ಜಿಯಾ ಗಿಬ್ಸ್ ಅದೇ ಧಾಟಿಯ ವಾದ್ಯ ಸಂಯೋಜನೆಯಲ್ಲಿ ಹಾಡಿ ಪಾಪ್ ಪಟ್ಟಿಯಲ್ಲಿ ಮೂಲವನ್ನು ಹಿಂದೆ ಹಾಕಿದರು. ಬೇಕರ್ ಅಮೆರಿಕದ ಕಾಂಗ್ರೆಸ್ಸಿಗೇ ದೂರು ಒಯ್ದರೂ ಕಾನೂನು ಅವರ ಪರ ಇರಲಿಲ್ಲ. ಕಪ್ಪು ಗಾಯಕಿ ಹೊಸ ಹಾಡಿನಿಂದ ಬೇಲಿ ದಾಟಲು ಹೊರಟರೆ ದಾಟುವ ಮುಂಚೆಯೇ ಹಾಡು ಕೈತಪ್ಪುವ ಭಯ ಇತ್ತು. 1959ಕ್ಕೆ ಬಂದಾಗ ಇದನ್ನು ನೆನಪಿಡಬೇಕು.

ಹೀಗೆ ಕಂಟ್ರಿ, ಪಾಪ್, ಬ್ಲೂಸ್ ಎಲ್ಲವನ್ನೂ ಹಾಡಿಸಿದ್ದನ್ನು ಶೋಷಣೆ ಎಂದಷ್ಟೇ ನೋಡಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ. ಬೇರೆಯವರ ಹಾಡು ಗೆಲ್ಲುತ್ತಿರುವಾಗಲೇ ಅದನ್ನು ಮುದ್ರಿಸಿ ಅಂಗಡಿಗೆ ಕಳಿಸಬೇಕು. ಎರಡು ವಾರ ತಡವಾದರೆ ಸರಕು ಹಳಸುತ್ತದೆ. ಆದ್ದರಿಂದ ಹಾಳೆ ನೋಡಿದ ದಿನವೇ ಹಾಡುವ ಗಾಯಕಿ ಬೇಕು. ಒಂದೆರಡು ಸಲದಲ್ಲೇ ಮುದ್ರಣ ಮುಗಿಸುವವರೆಂದು ಡೈನಾ ಹೆಸರಾದದ್ದು ಇಲ್ಲಿ. ಯಾವ ಹಾಡು ಬಂದರೂ ಅದನ್ನು ತನ್ನ ಉಚ್ಚಾರಣೆಗೆ ತಂದುಕೊಳ್ಳುವ ಅಭ್ಯಾಸ ಬೆಳೆದದ್ದೂ ಈ ಗಾಣದಲ್ಲೇ.

8000ದ ನಂಬರಿನ ಸಾಲನ್ನು ಮರ್ಕ್ಯುರಿ ಆರ್ ಅಂಡ್ ಬಿಗೆಂದೇ ಇಟ್ಟುಕೊಂಡಿತ್ತು. 1954ರ 'ಟೀಚ್ ಮಿ ಟುನೈಟ್' ಹೊತ್ತಿಗೆ ಡೈನಾ ಅವರ ತಟ್ಟೆಗಳೂ ಎಲ್ಲರ ಜೊತೆ 70000ದ ಸಾಲಿಗೆ ಬಂದವು, ಅದರ ನಂಬರು 70497. ನಂಬರು ಒಂದಾಯಿತು, ಗೂಡು ಒಂದಾಗಲಿಲ್ಲ.

ಆಗಸ್ಟ್ 14, 1954

ಆ ವರ್ಷ ಮರ್ಕ್ಯುರಿ ಎಮಾರ್ಸಿ ಎಂಬ ಜಾಝ್ ಶಾಖೆ ತೆರೆಯಿತು. ಎಲ್‌ಪಿ ಎಂಬ ಹೆಚ್ಚು ಹೊತ್ತು ಓಡುವ ತಟ್ಟೆ ಬಂದು ಆರು ವರ್ಷವಾಗಿತ್ತು. 12 ಅಂಗುಲದ ತಟ್ಟೆಯ ಒಂದು ಬದಿಗೆ 20 ನಿಮಿಷ ಹಿಡಿಯುವುದರಿಂದ 3 ನಿಮಿಷದ ಸರಪಳಿ ಕಳಚಿತ್ತು. ಲಾಸ್ ಏಂಜಲೀಸಿನ ಸ್ಟುಡಿಯೊದಲ್ಲಿ ಶ್ರೋತೃಗಳನ್ನೇ ಕೂರಿಸಿ 'ಡೈನಾ ಜ್ಯಾಮ್ಸ್' ಮುದ್ರಿಸಿದರು. ಟ್ರಂಪೆಟ್ ಮೂವರು: ಕ್ಲಿಫರ್ಡ್ ಬ್ರೌನ್, ಕ್ಲಾರ್ಕ್ ಟೆರಿ, ಮೇನಾರ್ಡ್ ಫರ್ಗ್ಯುಸನ್. ಹ್ಯಾರಲ್ಡ್ ಲ್ಯಾಂಡ್, ಹರ್ಬ್ ಗೆಲ್ಲರ್ ಸ್ಯಾಕ್ಸೊಫೋನಿನಲ್ಲಿ. ಪಿಯಾನೊಗೆ ಜೂನಿಯರ್ ಮ್ಯಾನ್ಸ್ ಮತ್ತು ರಿಚಿ ಪವೆಲ್. ಡ್ರಮ್ಸ್ ಮ್ಯಾಕ್ಸ್ ರೋಚ್.

'ಲವರ್ ಕಮ್ ಬ್ಯಾಕ್ ಟು ಮಿ'ಯಂಥ ಹಾಡು ಇಲ್ಲಿ ಸುಮಾರು ಹತ್ತು ನಿಮಿಷ ಓಡುತ್ತದೆ. ಡೈನಾ ಹಾಡಿ ಮುಗಿಸಿ ಬದಿಗೆ ಸರಿಯುತ್ತಾರೆ, ವಾದಕರು ಒಬ್ಬೊಬ್ಬರಾಗಿ ಮನೋಧರ್ಮ ತೋರಿಸುತ್ತಾರೆ, ಕೊನೆಗೆ ಮತ್ತೆ ಬರುತ್ತಾರೆ. ಗಮನಿಸಬೇಕಾದದ್ದು ಆ ಮರುಪ್ರವೇಶ. ದೇಶದ ಅತ್ಯುತ್ತಮ ಟ್ರಂಪೆಟ್ ವಾದಕರು ಬಿಸಿ ಏರಿಸಿದ ಮೇಲೆ ಗಾಯಕಿ ತಣ್ಣಗೆ ಮೊದಲ ರಾಗಕ್ಕೆ ಮರಳಿದರೆ ಹಾಡು ಕುಸಿಯುತ್ತದೆ. ಡೈನಾ ಹೆಚ್ಚು ಸ್ವರ ಹಾಕಿ ಪೈಪೋಟಿಗೆ ಇಳಿಯುವುದಿಲ್ಲ. ಒಂದೇ ಪದವನ್ನು ಗಟ್ಟಿಯಾಗಿ ಹಿಡಿದು ಲಯವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಅರ್ಥವಿಲ್ಲದ ಅಕ್ಷರಗಳಲ್ಲಿ ರಾಗ ಬೆಳೆಸುವ ಸ್ಕ್ಯಾಟ್ ಗಾಯನಕ್ಕೆ ಅವರು ಹೆಚ್ಚು ಒಲಿದವರಲ್ಲ, ಮಾತೇ ಅವರ ವಾದ್ಯ. ಎಲಾ ಫಿಟ್ಜೆರಾಲ್ಡ್, ಸಾರಾ ವಾನ್ ಅವರಿಂದ ಡೈನಾ ಬೇರೆಯಾಗುವುದು ಇಲ್ಲಿ. ಜಾಝ್ ಗಾಯಕಿಯೆಂದರೆ ಸ್ಕ್ಯಾಟ್ ಹಾಡಬೇಕು ಎಂಬ ಅಳತೆಗೋಲು ಹಿಡಿದವರು ಅವರನ್ನು ಕಡೆಗಣಿಸಿದ್ದು ಅನ್ಯಾಯ.

1955ರ 'ಫಾರ್ ದೋಸ್ ಇನ್ ಲವ್' ನಮ್ಮ ದೃಷ್ಟಿಯಲ್ಲಿ ಅವರ ಅತ್ಯುತ್ತಮ ಎಲ್‌ಪಿ. ವಾದ್ಯ ಸಂಯೋಜನೆ ಮಾಡಿದ ಕ್ವಿನ್ಸಿ ಜೋನ್ಸ್ ಅವರಿಗೆ ಆಗ 22 ವರ್ಷ. ಪಿಯಾನೊದಲ್ಲಿ ವಿಂಟನ್ ಕೆಲ್ಲಿ, ಡ್ರಮ್ಸ್‌ನಲ್ಲಿ ಜಿಮ್ಮಿ ಕಾಬ್. ನಾಲ್ಕು ವರ್ಷದ ಮೇಲೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಮ್ಮ ಹೆಸರಾಂತ ಜಾಝ್ ತಟ್ಟೆ 'ಕೈಂಡ್ ಆಫ್ ಬ್ಲೂ' ಮುದ್ರಿಸಿದಾಗ ಈ ಇಬ್ಬರೂ ಅದರಲ್ಲಿದ್ದರು. ಪಕ್ಕವಾದ್ಯದವರನ್ನು ಆರಿಸುವ ಡೈನಾ ಅವರ ಕಿವಿಗೆ ಇದಕ್ಕಿಂತ ಪುರಾವೆ ಬೇಡ.

ಮುಂದಿನ ಎರಡು ಮೂರು ವರ್ಷದಲ್ಲಿ ಜಾಝ್ ಪಿಯಾನೊ ವಾದಕ ಫ್ಯಾಟ್ಸ್ ವಾಲರ್, ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಅವರ ಹಾಡುಗಳ ಎಲ್‌ಪಿಗಳು ಬಂದವು. 1958ರಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ 'ಆಲ್ ಆಫ್ ಮಿ' ಹಾಡುತ್ತ ಟೆರಿ ಗಿಬ್ಸ್ ಪಕ್ಕದಲ್ಲಿ ನಿಂತು ತಾವೇ ವೈಬ್ರಾಫೋನ್ ನುಡಿಸಿದ್ದು ಚಲನಚಿತ್ರದಲ್ಲಿ ದಾಖಲಾಗಿದೆ. ಗೌರವ ಬಂತು. ಆದರೆ ಜಾಝ್ ಎಲ್‌ಪಿ ಕೊಳ್ಳುವವರು ಎಷ್ಟು ಮಂದಿ ಎಂಬುದಕ್ಕೆ ಮಿತಿಯಿತ್ತು.

1959ರ ಫೆಬ್ರವರಿ

ಈಗ ಮೂರನೆಯ ತಟ್ಟೆ. ಇದರ ಹಿಂದಿದ್ದವರು ಕ್ಲೈಡ್ ಓಟಿಸ್, ದೊಡ್ಡ ಕಂಪನಿಯೊಂದರಲ್ಲಿ ಹಾಡು ಮತ್ತು ಗಾಯಕರನ್ನು ಆರಿಸುವ ಹುದ್ದೆಗೆ ಏರಿದ ಮೊದಲ ಆಫ್ರಿಕನ್ ಅಮೆರಿಕನ್ನರಲ್ಲಿ ಒಬ್ಬರು. ವಾದ್ಯ ಸಂಯೋಜನೆ ಬೆಲ್ಫರ್ಡ್ ಹೆಂಡ್ರಿಕ್ಸ್ ಅವರದು. ಇದೇ ಜೋಡಿ ಗಾಯಕ ಬ್ರೂಕ್ ಬೆಂಟನ್ ಅವರನ್ನು ಆಗಷ್ಟೇ ಪಾಪ್ ಪಟ್ಟಿಯ ಮೇಲ್ತುದಿಗೆ ತರುತ್ತಿತ್ತು.

ಹಾಡು ಹಳೆಯದು. ಮೆಕ್ಸಿಕೊದ ಮರಿಯಾ ಗ್ರೆವೆರ್ 1934ರಲ್ಲಿ ಸ್ಪ್ಯಾನಿಷ್‌ನಲ್ಲಿ ಬರೆದದ್ದು, ಇಂಗ್ಲಿಷ್ ಸಾಹಿತ್ಯ ಸ್ಟ್ಯಾನ್ಲಿ ಆಡಮ್ಸ್ ಅವರದು. ಹಳೆಯ ಹಾಡನ್ನು ಆರಿಸಿದ್ದರಲ್ಲೇ ಜಾಣತನ ಇದೆ. 25 ವರ್ಷ ಹಿಂದಿನ ಹಾಡಾದ್ದರಿಂದ ಬಿಳಿಯ ಶ್ರೋತೃಗಳ ಕಿವಿಗೆ ಪರಿಚಿತ. ಇನ್ನೂ ಮುಖ್ಯವಾದದ್ದು, ಹೊಸ ಹಾಡಾಗಿದ್ದರೆ ಬೇರೆ ಕಂಪನಿ ಹಾಡನ್ನು ಕಿತ್ತುಕೊಂಡು ಓಡುತ್ತಿತ್ತು. ಹಳೆಯ ಹಾಡಿನಲ್ಲಿ ಮಾರಾಟವಾಗುವುದು ಹಾಡಲ್ಲ, ಈ ಕಂಠ ಮತ್ತು ಈ ಹಿಮ್ಮೇಳದ ಜೋಡಣೆ. ಅದನ್ನು ಕದಿಯುವುದು ಕಷ್ಟ. ಸೂತ್ರ ಕೆಲಸ ಮಾಡುತ್ತದೆ ಎಂಬುದಕ್ಕೆ ಮನೆಯಲ್ಲೇ ಸಾಕ್ಷಿಯೂ ಇತ್ತು. ಮರ್ಕ್ಯುರಿಯ ಪ್ಲ್ಯಾಟರ್ಸ್ ತಂಡ 1933ರ 'ಸ್ಮೋಕ್ ಗೆಟ್ಸ್ ಇನ್ ಯುವರ್ ಐಸ್' ಹಾಡನ್ನು ಅದೇ 1959ರ ಜನವರಿಯಲ್ಲಿ ಪಾಪ್ ಪಟ್ಟಿಯ ನೆತ್ತಿಗೆ ಏರಿಸಿತ್ತು. ಅದಕ್ಕೂ ಮೊದಲು 1956ರಲ್ಲಿ ಫ್ಯಾಟ್ಸ್ ಡಾಮಿನೊ 1940ರ 'ಬ್ಲೂಬೆರಿ ಹಿಲ್'ನಿಂದ ಇದನ್ನು ತೋರಿಸಿದ್ದರು.

ಹಿಮ್ಮೇಳದ ಕಟ್ಟಡ ಹೀಗಿದೆ. ಗತಿ ನಿಧಾನ, ಒಂದೊಂದು ಎಣಿಕೆಯೊಳಗೂ ಮೂರು ಪೆಟ್ಟು, ನಾವು ತಿಶ್ರ ನಡೆ ಎನ್ನುವುದು. ಈ ನಡೆ ಫ್ಯಾಟ್ಸ್ ಡಾಮಿನೊರಂಥವರ ಪಿಯಾನೊದಿಂದ ಹದಿಹರೆಯದವರ ಕಾಲಿಗೆ ಆಗಲೇ ಒಗ್ಗಿತ್ತು. ಅದರ ಮೇಲೆ ಪಿಟೀಲುಗಳ ಉದ್ದ ಸ್ವರದ ಹಾಸು, ಇದು ಹಿರಿಯರಿಗೆ. ಕೆಳಗೆ ಆರ್ ಅಂಡ್ ಬಿ, ಮೇಲೆ ಪಾಪ್, ನಡುವೆ ಖಾಲಿ ಜಾಗ. ಆ ಜಾಗದಲ್ಲಿ ಡೈನಾ ಹಾಡಿದ್ದು 1943ರ ರೀತಿಯಲ್ಲೇ. ಪಿಟೀಲು ಎಳೆಯುವಾಗ ಅದರ ಜೊತೆ ತಾವೂ ಎಳೆಯುವುದಿಲ್ಲ. ಸಾಲನ್ನು ತುಸು ತಡವಾಗಿ ಎತ್ತಿ, ಪದದ ತುದಿಯನ್ನು ಕತ್ತರಿಸಿ ಬಿಡುತ್ತಾರೆ. ಪಿಟೀಲಿನ ಹಾಸು ಮುಂದೆ ಹರಿಯುತ್ತದೆ, ಮಾತು ಅದರ ಮೇಲೆ ಕಲ್ಲಿಟ್ಟಂತೆ ಕೂರುತ್ತದೆ. ಇದೇ ಹಿಮ್ಮೇಳಕ್ಕೆ ನಯವಾಗಿ ಎಳೆದು ಹಾಡುವ ಗಾಯಕಿಯನ್ನು ನಿಲ್ಲಿಸಿದ್ದರೆ ಇಡೀ ಹಾಡು ಪಾಯಸಕ್ಕೆ ಬೆಲ್ಲದ ಮೇಲೆ ಸಕ್ಕರೆ ಸುರಿದಂತಾಗುತ್ತಿತ್ತು.

ಇದನ್ನು ಪರೀಕ್ಷಿಸಲು ಸುಲಭ ದಾರಿ ಇದೆ. 'ಈವಿಲ್ ಗ್ಯಾಲ್ ಬ್ಲೂಸ್' ಹಾಕಿ, ಪ್ರತಿ ಸಾಲಿನ ಕೊನೆಯ ಪದ ಎಣಿಕೆಗೆ ಮೊದಲು ನಿಲ್ಲುತ್ತದೋ ಆಮೇಲೋ ಎಂದು ತಾಳ ಹಾಕುತ್ತ ಗುರುತು ಮಾಡಿಕೊಳ್ಳಿ. ಬಳಿಕ 1959ರ ಹಾಡಿಗೂ ಹಾಗೆಯೇ ಮಾಡಿ. ಹಿಮ್ಮೇಳ ಎರಡು ಲೋಕದ್ದಾದರೂ ಗುರುತುಗಳು ಒಂದೇ ಕೈಬರಹದಂತೆ ಕಾಣುತ್ತವೆ.

ಹಾಡು ಪಾಪ್‌ನಲ್ಲಿ 8, ಆರ್ ಅಂಡ್ ಬಿಯಲ್ಲಿ 4. ಹಾಟ್ 100 ಪಟ್ಟಿ ಶುರುವಾಗಿ ಆಗ ಸುಮಾರು ಒಂದು ವರ್ಷವಷ್ಟೇ ಆಗಿತ್ತು. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿ ಬಂತು. ವಿಭಾಗ ಮಾತ್ರ 'ಅತ್ಯುತ್ತಮ ರಿದಮ್ ಅಂಡ್ ಬ್ಲೂಸ್ ಗಾಯನ'. ಪಿಟೀಲುಗಳಿಂದ ತುಂಬಿದ, ಮೆಕ್ಸಿಕೊದ ಪ್ರೇಮಗೀತೆಗೂ ಅದೇ ಗೂಡು.

ದಾಟಿದ ಮೇಲೆ

ಓಟಿಸ್ 1960ರಲ್ಲಿ ಡೈನಾ ಮತ್ತು ಬ್ರೂಕ್ ಬೆಂಟನ್ ಅವರಿಂದ ಯುಗಳ ಗೀತೆ ಹಾಡಿಸಿದರು. 'ಬೇಬಿ, ಯೂವ್ ಗಾಟ್ ವಾಟ್ ಇಟ್ ಟೇಕ್ಸ್' ಪಾಪ್‌ನಲ್ಲಿ 5ಕ್ಕೆ, ಆರ್ ಅಂಡ್ ಬಿಯಲ್ಲಿ 1ಕ್ಕೆ ಏರಿತು. 'ಎ ರಾಕಿನ್ ಗುಡ್ ವೇ' 7 ಮತ್ತು 1. ಮೊದಲನೆಯದರಲ್ಲಿ ಬೆಂಟನ್ ತಪ್ಪು ಜಾಗದಲ್ಲಿ ಹಾಡು ಎತ್ತುತ್ತಾರೆ, ನನ್ನ ಜಾಗಕ್ಕೆ ಮತ್ತೆ ಬಂದೆಯಲ್ಲ ಎಂದು ಡೈನಾ ಲಯ ತಪ್ಪದೆ ಛೇಡಿಸುತ್ತಾರೆ. ಅದನ್ನು ಅಳಿಸದೆ ಹಾಗೇ ಬಿಟ್ಟಿದ್ದು ಒಳ್ಳೆಯ ತೀರ್ಮಾನ, ಹಾಡಿನ ಜೀವವೇ ಅಲ್ಲಿದೆ. ಅದೇ ವರ್ಷ ಓಟಿಸ್ ಬರೆದ 'ದಿಸ್ ಬಿಟರ್ ಅರ್ತ್' ಆರ್ ಅಂಡ್ ಬಿಯಲ್ಲಿ 1, ಪಾಪ್‌ನಲ್ಲಿ 24. ಈ ಅಂತರ ಮಾತಾಡುತ್ತದೆ. ಹಾಡು ಹಗುರವಾಗಿ, ಪರಿಚಿತವಾಗಿ ಇದ್ದಷ್ಟು ಬೇಲಿ ತಗ್ಗು. ನೋವು ಹೆಚ್ಚಿದ ಹೊಸ ಹಾಡಿಗೆ ಬೇಲಿ ಮತ್ತೆ ಎತ್ತರ.

ಸೂತ್ರ ಗೆದ್ದರೆ ಕಂಪನಿ ಬೇರೆ ಏನನ್ನೂ ಕೇಳುವುದಿಲ್ಲ. ಒಂದರ ಹಿಂದೊಂದು ಪಿಟೀಲಿನ ಎಲ್‌ಪಿಗಳು ಬಂದವು. ಹಾಡು ಚಿಕ್ಕದು, ವಾದಕರ ಮನೋಧರ್ಮಕ್ಕೆ ಜಾಗವಿಲ್ಲ, ಗತಿಯೂ ಒಂದೇ. ಜಾಝ್ ವಿಮರ್ಶಕರು ಅವರು ಹಣಕ್ಕಾಗಿ ಜಾಝ್ ತೊರೆದರೆಂದು ದೂರಿದರು. ಅದು ಅರ್ಧ ಸತ್ಯ. ಸ್ಟುಡಿಯೊದ ಪಿಟೀಲುಗಳನ್ನು ಊರೂರಿಗೆ ಹೊತ್ತೊಯ್ಯಲಾಗದು, ಪ್ರವಾಸದಲ್ಲಿ ಜೊತೆಗಿರುತ್ತಿದ್ದುದು ಪಿಯಾನೊ, ಬೇಸ್, ಡ್ರಮ್ಸ್. 1959ರಿಂದ 1961ರವರೆಗೆ ಅವರ ಪಿಯಾನೊ ನುಡಿಸಿದವರು ವಿಯೆನ್ನಾದಿಂದ ಬಂದ ಜೋ ಜಾವಿನುಲ್, ಮುಂದೆ ಜಾಝ್‌ನ ದಿಕ್ಕನ್ನೇ ಬದಲಿಸಿದವರಲ್ಲಿ ಒಬ್ಬರು. ತಟ್ಟೆಯಲ್ಲಿ ಪಾಪ್ ಹಾಡಿದ ಗಾಯಕಿ ರಾತ್ರಿ ವೇದಿಕೆಯಲ್ಲಿ ಜಾಝ್ ಗಾಯಕಿಯಾಗಿಯೇ ಉಳಿದಿದ್ದರು.

1962ರಲ್ಲಿ ಡೈನಾ ರೂಲೆಟ್ ಕಂಪನಿಗೆ ಹೋದರು. ಅಲ್ಲಿಯೂ ಪಿಟೀಲೇ ಹೆಚ್ಚು. ಆದರೆ 'ಬ್ಯಾಕ್ ಟು ದ ಬ್ಲೂಸ್' ಎಂಬ ಎಲ್‌ಪಿಯಲ್ಲಿ ದೊಡ್ಡ ವಾದ್ಯವೃಂದವನ್ನೇ ಬ್ಲೂಸ್‌ನ 12 ಬಾರಿಗೆ ಎಳೆದು ತಂದರು, ಅಷ್ಟು ವರ್ಷ ಬೇರೆ ಬೇರೆ ಇಟ್ಟಿದ್ದನ್ನು ಒಂದೇ ತಟ್ಟೆಯಲ್ಲಿ ಕೂಡಿಸಿದರು. ತೂಕ ಇಳಿಸಲು ಮಾತ್ರೆ, ನಿದ್ದೆಗೆ ಮಾತ್ರೆ ಎಂಬುದು ಆಗಲೇ ಅಭ್ಯಾಸವಾಗಿತ್ತು. 1963ರ ಡಿಸೆಂಬರ್ 14ರಂದು ಡೆಟ್ರಾಯ್ಟಿನ ಮನೆಯಲ್ಲಿ ಎರಡು ಬಗೆಯ ನಿದ್ದೆ ಮಾತ್ರೆಗಳು ಮಿತಿಮೀರಿ ತೀರಿಕೊಂಡರು. ವಯಸ್ಸು 39.

ಅದಕ್ಕೆ ಎರಡು ವಾರ ಮುಂಚೆ, ನವೆಂಬರ್ 30ರ ಸಂಚಿಕೆಯಿಂದ, ಬಿಲ್‌ಬೋರ್ಡ್ ಆರ್ ಅಂಡ್ ಬಿ ಪಟ್ಟಿಯನ್ನೇ ನಿಲ್ಲಿಸಿತ್ತು. ಎರಡೂ ಪಟ್ಟಿಗಳಲ್ಲಿ ಅವೇ ಹಾಡುಗಳು ಬರತೊಡಗಿದ್ದವು. 1965ರ ಜನವರಿಯಲ್ಲಿ ಅದು ಮತ್ತೆ ಶುರುವಾಯಿತು. ನಡುವೆ 1964ರಲ್ಲಿ ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ ಕೊಲಂಬಿಯಾ ಕಂಪನಿಗೆ ಡೈನಾ ಅವರ ಹಾಡುಗಳದೇ ಒಂದು ಎಲ್‌ಪಿ ಹಾಡಿದರು. ಚರ್ಚಿನಿಂದ ಬಂದು, ಪಿಯಾನೊ ಬಲ್ಲವರಾಗಿ, ಯಾವ ಗೂಡಿಗೆ ಹಾಕಬೇಕೆಂದು ಕಂಪನಿಗೆ ತಿಳಿಯದ ಸ್ಥಿತಿಯಲ್ಲಿ ಆಗ ಅವರೂ ಇದ್ದರು.

ಡೈನಾ ಮರ್ಕ್ಯುರಿಗೆ ಹಾಡಿದ ಹಾಡುಗಳನ್ನು ಆಮೇಲೆ 7 ಸಂಪುಟಗಳಲ್ಲಿ, ಸಂಪುಟಕ್ಕೆ 3ರಂತೆ 21 ಸಿಡಿಗಳಾಗಿ ತಂದರು. ಜೋಡಿಸಿದ್ದು ಪ್ರಕಾರದ ಮೇಲಲ್ಲ, ಮುದ್ರಣದ ದಿನಾಂಕದ ಮೇಲೆ. ಕೇಳುತ್ತ ಹೋದರೆ ಹ್ಯಾಂಕ್ ವಿಲಿಯಮ್ಸ್ ಹಾಡು, 12 ಬಾರಿನ ಬ್ಲೂಸ್, ಕ್ಲಿಫರ್ಡ್ ಬ್ರೌನ್ ಟ್ರಂಪೆಟ್, ಪಿಟೀಲಿನ ಹಾಸು ಎಲ್ಲ ಒಂದರ ಹಿಂದೊಂದು ಬರುತ್ತವೆ, ಅವರು ಸ್ಟುಡಿಯೊಗೆ ಹೋಗಿ ಹಾಡಿ ಬಂದ ಕ್ರಮದಲ್ಲೇ.